ಪೇಂಟರ್ ದೊಡ್ಡಪ್ಪನ ಬಾಲ್ಕನಿ

ನಮ್ಮ ದೊಡ್ಡಪ್ಪ ಮನೆಗಳಿಗೆ ಬಣ್ಣ ಹೊಡೆಯುವ ಕೆಲಸ ಮಾಡುತ್ತಿದ್ದರು. ಕಟ್ಟಡದ ಜನ ಅವರನ್ನು ‘ಒಣಗಲಿ’ ಎಂದು ಕರೆಯುತ್ತಿದ್ದರು. ಎದುರಿಗಲ್ಲ, ಬೆನ್ನ ಹಿಂದೆ. ಆದರೂ ಅದು ಅವರಿಗೆ ಗೊತ್ತಿತ್ತು. ಯಾರು ಏನು ಕೇಳಿದರೂ ಅವರ ಬಾಯಿಂದ ಮೊದಲು ಬರುತ್ತಿದ್ದದ್ದು ಅದೇ ಮಾತು.

"ಮೆಟ್ಟಿಲ ಹತ್ತಿರದ ಬಲ್ಬ್ ಹೋಗಿದೆ, ಏಣಿ ಹಾಕಿ ಸ್ವಲ್ಪ ನೋಡ್ತೀರಾ?"

"ಒಣಗಲಿ, ನೋಡೋಣ."

"ಮಗಳಿಗೆ ಫೋನ್ ಮಾಡಿದ್ರಾ?"

"ಒಣಗಲಿ, ಮಾಡ್ತೀನಿ."

ಕೆಳಗಿನ ಮನೆಯ ಗಡಿಯಾರ ರಿಪೇರಿಯವರು ಒಮ್ಮೆ ನಲ್ಲಿ ಸೋರುತ್ತಿದೆ ಎಂದು ಕರೆಯಲು ಹೋಗಿ, ಈ ಉತ್ತರ ಕೇಳಿ, "ನಲ್ಲಿ ಒಣಗಿದ ಮೇಲೆ ನೀವು ಯಾಕೆ ಬೇಕು ಸ್ವಾಮೀ?" ಎಂದು ಮೆಟ್ಟಿಲಲ್ಲೇ ನಿಂತು ನಕ್ಕಿದ್ದರು.

ಕೆಲಸದಲ್ಲಿ ಈ ಮಾತಿಗೆ ಬೆಲೆ ಇತ್ತು. ಬೇರೆ ಪೇಂಟರ್‌ಗಳು ಗೋಡೆ ಸಮ ಮಾಡಲು ಮೆತ್ತಿದ ಪುಟ್ಟಿ ಹಸಿಯಿರುವಾಗಲೇ ಪ್ರೈಮರ್ ಬಳಿದು, ಪ್ರೈಮರ್ ಹಸಿಯಿರುವಾಗಲೇ ಬಣ್ಣ ಹೊಡೆದು ಮುಂದಿನ ಮನೆಗೆ ಓಡುತ್ತಿದ್ದರು. ದೊಡ್ಡಪ್ಪ ಹಾಗಲ್ಲ. ಗೋಡೆಗೆ ಅಂಗೈ ಒತ್ತಿ, ತಣ್ಣಗಿದೆಯೋ ಇಲ್ಲವೋ ನೋಡಿ, ಅನುಮಾನವಿದ್ದರೆ ಏಣಿ ಮಡಚಿ ಮನೆಗೆ ಬಂದುಬಿಡುತ್ತಿದ್ದರು. ಅವರು ಬಣ್ಣ ಹೊಡೆದ ಗೋಡೆ ಹೊಪ್ಪಳೆ ಎದ್ದದ್ದನ್ನು ಯಾರೂ ನೋಡಿಲ್ಲ. ಮನೆಯೊಳಗೆ ಮಾತ್ರ ಈ ತಾಳ್ಮೆ ಬೇರೆ ಏನೋ ಆಗಿಬಿಡುತ್ತಿತ್ತು. ಅದನ್ನು ಹೇಳಬೇಕಾದರೆ ಮೊದಲು ಬಾಲ್ಕನಿಯ ವಿಷಯ ಹೇಳಬೇಕು.

ದೊಡ್ಡಪ್ಪನ ಮನೆ ಮೂರನೇ ಮಹಡಿಯಲ್ಲಿ, ನಮ್ಮದು ಅದೇ ಕಟ್ಟಡದಲ್ಲಿ ಕೆಳಗೆ. ಹೊರಗೊಂದು ಕೋಣೆ, ಒಳಗೊಂದು ಕೋಣೆ, ಆಮೇಲೆ ಅಡುಗೆಮನೆ. ಅಡುಗೆಮನೆಯ ಹಿಂಬಾಗಿಲು ತೆರೆದರೆ ಬಾಲ್ಕನಿ. ಬಾಲ್ಕನಿ ಎನ್ನುವುದು ಸ್ವಲ್ಪ ದೊಡ್ಡ ಮಾತಾಯಿತು. ಒಬ್ಬರು ಹೋಗಿ ನಿಂತರೆ ಇನ್ನೊಬ್ಬರು ಒಳಗೇ ಇರಬೇಕು, ಅಷ್ಟು ಜಾಗ. ಆದರೆ ಆ ಮನೆಗೆ ಬಿಸಿಲು ಬರುವುದು ಅಲ್ಲಿ ಮಾತ್ರ. ಬೆಳಗ್ಗೆ ಎದುರು ಕಟ್ಟಡದ ನೀರಿನ ಟ್ಯಾಂಕ್ ದಾಟಿ ಬಂದ ಬಿಸಿಲು ಮಧ್ಯಾಹ್ನದ ಊಟದ ಹೊತ್ತಿನವರೆಗೆ ಕಂಬಿಯ ಮೇಲೆ, ನೆಲದ ಮೇಲೆ ಇರುತ್ತದೆ.

ಆ ಬಿಸಿಲು ಬೀಳುತ್ತಿದ್ದದ್ದು ದೊಡ್ಡಪ್ಪನ ಸಾಮಾನಿನ ಮೇಲೆ. ಮಡಚಿದ ಏಣಿ, ಉದ್ದ ಕೋಲಿನ ರೋಲರ್‌ಗಳು, ಸೀಮೆಎಣ್ಣೆಯಲ್ಲಿ ನೆನೆಹಾಕಿದ ಬ್ರಷ್‌ಗಳು, ನೆಲಕ್ಕೆ ಹಾಸುವ ಹಳೇ ಬೆಡ್‌ಶೀಟ್‌ಗಳು, ಒಂದರ ಮೇಲೊಂದು ಕೂತ ಡಬ್ಬಗಳು. ತಗಡಿನವು, ಪ್ಲಾಸ್ಟಿಕ್ಕಿನವು, ಅರ್ಧ ಪೇಂಟ್ ಇದ್ದವು, ಖಾಲಿಯವು. ಹಿಂಬಾಗಿಲು ಅರ್ಧ ಮಾತ್ರ ತೆರೆಯುತ್ತಿತ್ತು. ಆ ಅರ್ಧ ಬಾಗಿಲಿನಿಂದ ಥಿನ್ನರ್ ವಾಸನೆ ದಿನವಿಡೀ ಅಡುಗೆಮನೆಗೆ ಬರುತ್ತಿತ್ತು.

ದೊಡ್ಡಮ್ಮ ಮನೆಯಲ್ಲೇ ಕೂತು ಒಬ್ಬ ಟೈಲರ್‌ಗೆ ಶರ್ಟಿನ ಕಾಜ ಹೊಲಿದು, ಗುಂಡಿ ಹಚ್ಚಿ ಕೊಡುತ್ತಿದ್ದಳು. ದಿನವೆಲ್ಲಾ ಅವಳು ಇರುತ್ತಿದ್ದದ್ದು ಆ ವಾಸನೆಯ ಒಳಗೇ. ಅವಳು ಹುಟ್ಟಿ ಬೆಳೆದ ಮನೆಯ ಹಿತ್ತಲಲ್ಲಿ ಸೊಪ್ಪು ಬೆಳೆಯುತ್ತಿದ್ದರಂತೆ. ಒಲೆಯ ಮೇಲೆ ಪಾತ್ರೆ ಇಟ್ಟು, ಹಿತ್ತಲಿಗೆ ಹೋಗಿ ಒಂದು ಹಿಡಿ ಪುದೀನ ಕಿತ್ತು ಬರುವಷ್ಟರಲ್ಲಿ ನೀರು ಕುದಿಯುತ್ತಿತ್ತು ಎಂದು ಹೇಳುತ್ತಿದ್ದಳು. ಮದುವೆಯಾಗಿ ಬಂದ ಹೊಸದರಲ್ಲೇ ಅವಳು ದೊಡ್ಡಪ್ಪನನ್ನು ಕೇಳಿದ್ದು ಇದನ್ನೇ.

"ರೀ, ಆ ಬಾಲ್ಕನಿ ನನಗೆ ಬಿಟ್ಟುಕೊಡ್ತೀರಾ? ಒಂದು ನಾಲ್ಕು ಕುಂಡ ಇಟ್ಕೋತೀನಿ. ಪುದೀನ, ಕೊತ್ತಂಬರಿ ಹಾಕ್ಕೋತೀನಿ."

"ಇಡೋಣ, ಇಡೋಣ. ಈ ಕೆಲಸ ಮುಗಿದು ಒಣಗಲಿ."

"ನನ್ನ ಅಡುಗೆಮನೆಗೆ ಬಂದವರು ಊಟ ಏನು ಅಂತ ಕೇಳಲ್ಲ. ಯಾವ ಕಲರ್ ಅಂತ ಕೇಳ್ತಾರೆ."

ದೊಡ್ಡಪ್ಪ ಗಟ್ಟಿಯಾಗಿ ನಕ್ಕರಂತೆ. ಅದು ಒಳ್ಳೆಯ ತಮಾಷೆ ಎಂದು ಜೊತೆಯ ಪೇಂಟರ್‌ಗಳಿಗೂ ಹೇಳಿದರಂತೆ. ಆದರೆ ಏಣಿ ಇದ್ದಲ್ಲೇ ಇತ್ತು. ದೊಡ್ಡಮ್ಮನೂ ಬಿಡಲಿಲ್ಲ. ಬೇಸರ ಮಾಡದೆ, ಜಗಳ ಮಾಡದೆ, ಆಗಾಗ ಕೇಳುತ್ತಿದ್ದಳು. ಕೊನೆಗೆ ದೊಡ್ಡಪ್ಪ ಒಂದು ದಾರಿ ಕಂಡುಕೊಂಡರು. ಬಾಲ್ಕನಿ ಕೊಡಲಿಲ್ಲ. ಅಡುಗೆಮನೆಯ ಕಿಟಕಿಯ ಹೊರಗೆ ಗೇಣಗಲದ ಒಂದು ಅಂಚು ಇತ್ತು, ಅದನ್ನು ಕೊಟ್ಟರು. ಅದರ ಜೊತೆಗೆ ಮೂರು ತಗಡಿನ ಡಬ್ಬಗಳನ್ನೂ ಕೊಟ್ಟರು.

ಕೊಟ್ಟದ್ದು ಪ್ರೀತಿಯಿಂದಲೇ. ಅದನ್ನು ನಾನು ಬಿಡದೆ ಹೇಳಬೇಕು. ಡಬ್ಬಗಳನ್ನು ತೊಳೆದು, ತುಕ್ಕು ಹಿಡಿಯಬಾರದೆಂದು ಒಳಗೂ ಹೊರಗೂ ಎರಡು ಕೋಟ್ ಹೊಡೆದು, ನಡುವೆ ಒಣಗಲು ಬಿಟ್ಟು, ಹೊಳೆಯುವ ಹಾಗೆ ಮಾಡಿ ತಂದಿಟ್ಟರು. ದೊಡ್ಡಮ್ಮ ಮಣ್ಣು ತುಂಬಿ, ಮಾರುಕಟ್ಟೆಯಿಂದ ತಂದ ಪುದೀನದ ಕಡ್ಡಿ ಚುಚ್ಚಿ, ಇನ್ನೊಂದರಲ್ಲಿ ಕೊತ್ತಂಬರಿ ಬೀಜವನ್ನು ಅಂಗೈಯಲ್ಲಿ ಉಜ್ಜಿ ಎರಡು ಹೋಳು ಮಾಡಿ ಉದುರಿಸಿದಳು. ಮೊದಲು ಎಲ್ಲವೂ ಚಿಗುರಿತು. ಆಮೇಲೆ ಎಲೆ ಹಳದಿಯಾಯಿತು. ಕಡ್ಡಿ ಬುಡದಲ್ಲಿ ಕಪ್ಪಾಗಿ, ಮುಟ್ಟಿದರೆ ಕೈಗೇ ಬರುತ್ತಿತ್ತು.

ಪಕ್ಕದ ಮನೆಯ ನರ್ಸಮ್ಮ ಆಸ್ಪತ್ರೆಯ ಡ್ಯೂಟಿಗೆ ಹೊರಟವಳು ಒಳಗೆ ಬಂದು, ಕಿಟಕಿಯ ಹತ್ತಿರ ನಿಂತು ಒಂದು ಡಬ್ಬವನ್ನು ಎತ್ತಿ ನೋಡಿದಳು. ಅವಳ ಮಾತು ಯಾವಾಗಲೂ ಇಂಜೆಕ್ಷನ್ ಹಾಗೆ. ಚುಚ್ಚಿ, ತೆಗೆದು, ಹೊರಟುಬಿಡುತ್ತಾಳೆ.

"ಇದಕ್ಕೆ ತೂತೇ ಇಲ್ವಲ್ಲ! ನೀರು ಎಲ್ಲಿಗೆ ಹೋಗಬೇಕು? ಗಿಡಾನ ಬಕೆಟ್‌ನಲ್ಲಿ ಮುಳುಗಿಸಿ ಇಟ್ಟಿದ್ದೀರಿ. ಅಣ್ಣಾ, ಒಂದು ಮೊಳೆ ಹೊಡೀರಿ ಕೆಳಗೆ."

ಬೇರೆ ಯಾರಾದರೂ ಆಗಿದ್ದರೆ ಹೊಡೆಯುತ್ತಿದ್ದರು. ದೊಡ್ಡಪ್ಪ ಮಾತ್ರ ಡಬ್ಬವನ್ನು ಅವಳ ಕೈಯಿಂದ ಇಸಕೊಂಡು, ಅದರ ತಳವನ್ನು ಕೈಯಿಂದ ಒರೆಸಿದರು.

"ಡಬ್ಬಕ್ಕೆ ತೂತು ಹೊಡೆಯೋದು ಅಂದ್ರೆ ಬ್ರಷ್ಷಿನ ಕೂದಲು ಕತ್ತರಿಸಿದ ಹಾಗೆ. ಪೇಂಟರ್ ಮನೇಲಿ ತೂತು ಡಬ್ಬ ಇಟ್ಕೊಂಡ್ರೆ ನೋಡಿದವರು ನಗ್ತಾರೆ."

"ಸೊಪ್ಪು ಬೆಳೆಯೋಕೆ ಕೊಟ್ಟಿರೋ ಡಬ್ಬ ಅಲ್ವಾ?"

"ಕೊಟ್ಟಿದ್ದೀನಿ. ಆದ್ರೆ ನಾಳೆ ಕೆಲಸಕ್ಕೆ ಬೇಕಾದ್ರೆ?"

ನರ್ಸಮ್ಮ ದೊಡ್ಡಮ್ಮನ ಮುಖ ನೋಡಿದಳು. ದೊಡ್ಡಮ್ಮ ಕಾಜದ ದಾರ ಹಲ್ಲಿನಲ್ಲಿ ಕಡಿಯುತ್ತಿದ್ದಳು.

ಬಣ್ಣದವರಿಗೆ ಖಾಲಿ ಡಬ್ಬ ಎಂದರೆ ಖಾಲಿಯಲ್ಲ. ಎರಡು ಬಣ್ಣ ಕಲಸಿ ಮೂರನೆಯದನ್ನು ಮಾಡುವುದು ಅದರಲ್ಲಿ. ಮನೆಯವರು ಕೇಳಿದ ಶೇಡ್ ಸಿಗುವ ತನಕ ಒಂದು ಡಬ್ಬದಿಂದ ಇನ್ನೊಂದಕ್ಕೆ ಸುರಿಯುತ್ತಲೇ ಇರಬೇಕು. ದೊಡ್ಡಪ್ಪನಿಗೆ ಕೈಗೆ ಹೊಂದಿದ ಡಬ್ಬಗಳಿದ್ದವು. ದೊಡ್ಡಮ್ಮನಿಗೆ ಕೊಟ್ಟದ್ದರಲ್ಲಿ ಒಂದು ಅಂಥದ್ದು. ಒಂದು ದಿನ ಬೆಳಗ್ಗೆ ತುರ್ತಾಗಿ ಒಂದು ಮನೆಯ ಶೇಡ್ ಕಲಸಬೇಕಾಯಿತು. ಆ ಡಬ್ಬದಲ್ಲಿ ಕೊತ್ತಂಬರಿ ಎರಡೆರಡು ಎಲೆ ಬಿಟ್ಟು ನಿಂತಿತ್ತು. ಆ ಸಲದ ಬೀಜ ಇನ್ನೂ ಕೊಳೆತಿರಲಿಲ್ಲ. ದೊಡ್ಡಪ್ಪ ಮಣ್ಣಿನ ಸಮೇತ ಅದನ್ನು ಒಂದು ಹಳೇ ಪೇಪರಿನ ಮೇಲೆ ಮಗುಚಿ ಡಬ್ಬ ತೆಗೆದುಕೊಂಡು ಹೋದರು. ಸಂಜೆ ಥಿನ್ನರ್ ಹಾಕಿ ತೊಳೆದು, ಒರೆಸಿ, ವಾಪಸ್ ತಂದು ಕಿಟಕಿಯಲ್ಲಿಟ್ಟರು.

"ನೋಡೇ, ಹೊಸದರ ಹಾಗೆ ಮಾಡಿ ತಂದಿದ್ದೀನಿ."

ದೊಡ್ಡಮ್ಮ ಆ ಡಬ್ಬಕ್ಕೆ ಮಣ್ಣು ತುಂಬಲಿಲ್ಲ. ಉಳಿದ ಎರಡರಲ್ಲಿ ಇನ್ನೂ ಕೆಲವು ಸಲ ಪ್ರಯತ್ನಪಟ್ಟಳು. ಒಂದೊಂದು ಸಲ ಕೊಳೆತಾಗಲೂ ದೊಡ್ಡಪ್ಪ, "ಎಲ್ಲರ ಕೈಗೂ ಗಿಡ ಬರಲ್ಲ ಬಿಡೇ. ಕೈಗುಣ ಅಂತ ಒಂದಿರುತ್ತೆ. ನಿನ್ನದು ಸೂಜಿಯ ಕೈ," ಎಂದು ಸಮಾಧಾನ ಹೇಳಿದರು. ಅವರು ಹೇಳಿದ್ದು ಸಮಾಧಾನವನ್ನೇ. ಆದರೆ ದೊಡ್ಡಮ್ಮ ಅದನ್ನು ನಂಬಿಬಿಟ್ಟಳು. ಯಾರಾದರೂ ಗಿಡದ ಮಾತೆತ್ತಿದರೆ ತಾನೇ ನಗುತ್ತಾ, "ನನ್ನ ಕೈ ತಾಗಿದರೆ ಪ್ಲಾಸ್ಟಿಕ್ ಗಿಡವೂ ಬಾಡುತ್ತೆ," ಅನ್ನತೊಡಗಿದಳು. ಬಾಲ್ಕನಿ ಕೇಳುವುದನ್ನು ನಿಲ್ಲಿಸಿದಳು. ಕೇಳುವುದು ನಿಂತದ್ದು ದೊಡ್ಡಪ್ಪನಿಗೆ ತಿಳಿಯಲೇ ಇಲ್ಲ. ಅವಳಿಗೆ ಆ ಆಸೆ ಹೋಗಿರಬೇಕು ಅಂದುಕೊಂಡೆ ಎಂದು ಅವರು ಬಹಳ ವರ್ಷ ಕಳೆದ ಮೇಲೆ ನಮ್ಮಪ್ಪನ ಹತ್ತಿರ ಹೇಳಿದರು.

ಮಗಳು ದೊಡ್ಡವಳಾದಳು, ಮದುವೆಯಾಗಿ ಹೋದಳು. ದೊಡ್ಡಪ್ಪನ ಬಲ ಭುಜ ಹಿಡಿದುಕೊಂಡಿತು. ಕೈ ಎದೆಯ ಮಟ್ಟಕ್ಕಿಂತ ಮೇಲೆ ಏಳದಾಯಿತು. ಪೇಂಟರ್ ಕೈ ಮೇಲೆ ಏಳದಿದ್ದರೆ ಗೋಡೆ ಅರ್ಧಕ್ಕೆ ನಿಲ್ಲುತ್ತದೆ. ಕೆಲಸ ಬಿಟ್ಟರು. ಏಣಿಯನ್ನು ಮಾತ್ರ ಬಿಡಲಿಲ್ಲ. ಯಾರಾದರೂ ಕರೆದರೆ ಬೇಕಾಗುತ್ತದೆ ಎಂದು ಬಾಲ್ಕನಿ ಹಾಗೇ ಇತ್ತು.

ಆ ಹೊತ್ತಿಗೆ ದೊಡ್ಡಮ್ಮನಿಗೆ ಒಂದು ಜ್ವರ ಬಂತು. ಎಲ್ಲರಿಗೂ ಬರುವಂಥ ಜ್ವರವೇ. ಬಂದು ಹೋಯಿತು. ಎದ್ದು ಓಡಾಡಿದಳು, ಕಾಜ ಹೊಲಿಯಲು ಕೂತಳು. ಒಂದು ದಿನ ದೊಡ್ಡಪ್ಪ ಹೊರಗಿನ ಕೋಣೆಯಿಂದ ಕೂಗುತ್ತಾ ಬಂದರು. ಒಲೆಯ ಮೇಲೆ ಹಾಲು ಉಕ್ಕಿ, ಬತ್ತಿ, ತಳ ಕರಕಲಾಗಿ ಹೊಗೆ ಬರುತ್ತಿತ್ತು. ದೊಡ್ಡಮ್ಮ ಒಲೆಗೆ ಬೆನ್ನು ಹಾಕಿ, ಒಂದು ತೋಳಿನಷ್ಟು ದೂರದಲ್ಲಿ ಕೂತು ಗುಂಡಿ ಹಚ್ಚುತ್ತಿದ್ದಳು.

"ಮೂಗು ಅಡವಿಟ್ಟಿದ್ದೀಯಾ? ಹಾಲು ಸೀದು ಮನೆಯೆಲ್ಲಾ ನಾರ್ತಿದೆ!"

ದೊಡ್ಡಮ್ಮ ತಿರುಗಿ ಪಾತ್ರೆ ನೋಡಿದಳು. ಎದ್ದು ಒಲೆ ಆರಿಸಿದಳು. ಬಾಗಿ ಪಾತ್ರೆಯ ಹತ್ತಿರ ಮುಖ ತಂದು ಉಸಿರೆಳೆದುಕೊಂಡಳು. ಮತ್ತೆ ಎಳೆದುಕೊಂಡಳು.

"ರೀ, ನನಗೇನೂ ಬರ್ತಿಲ್ಲ," ಎಂದಳು.

ಡಾಕ್ಟರು ನೋಡಿದರು. ಇಂಥ ಜ್ವರದ ನಂತರ ಕೆಲವರಿಗೆ ಹೀಗಾಗುತ್ತದೆ, ವಾಸನೆ ವಾಪಸ್ ಬರಬಹುದು, ಬರದೆಯೂ ಇರಬಹುದು ಎಂದರು. ಅದಕ್ಕೆ ಮಾತ್ರೆ ಇಲ್ಲ. ದಿನಾ ಬೆಳಗ್ಗೆ ಸಂಜೆ ನಾಲ್ಕು ಬೇರೆ ಬೇರೆ ಗಾಢ ವಾಸನೆಗಳನ್ನು ಮೂಗಿನ ಹತ್ತಿರ ಹಿಡಿದು, ಅದು ಹೇಗಿತ್ತು ಎಂದು ನೆನಪು ಮಾಡಿಕೊಳ್ಳುತ್ತಾ ಮೂಸಬೇಕು, ತಿಂಗಳುಗಟ್ಟಲೆ ಬಿಡದೆ ಮಾಡಬೇಕು, ಮೂಗಿಗೆ ಅದೊಂದು ವ್ಯಾಯಾಮ ಎಂದರು.

ದೊಡ್ಡಪ್ಪ ಆಸ್ಪತ್ರೆಯಿಂದ ಬಂದವರು ಚಪ್ಪಲಿ ಬಿಡಲಿಲ್ಲ. ನೇರ ಬಾಲ್ಕನಿಗೆ ಹೋದರು. ಆ ದಿನ ಅವರು ‘ಒಣಗಲಿ’ ಅನ್ನಲಿಲ್ಲ. ಏಣಿಯನ್ನು ಗಡಿಯಾರ ರಿಪೇರಿಯವರ ಮನೆಯ ಹೊರಗೆ ನಿಲ್ಲಿಸಿ, "ಇಟ್ಕೊಳ್ಳಿ, ಬೇಡವಾದ್ರೆ ಗುಜರಿಗೆ ಹಾಕಿ," ಎಂದರು. ರೋಲರ್, ಬ್ರಷ್ ಎಲ್ಲಾ ಜೊತೆಯ ಪೇಂಟರ್‌ಗಳಿಗೆ ಹೋದವು. ಅಷ್ಟು ವರ್ಷಗಳಿಂದ ಆಗದ ಕೆಲಸ ಒಂದು ಹಗಲಿನಲ್ಲಿ ಆಯಿತು. ಹಿಂಬಾಗಿಲು ಗೋಡೆಗೆ ತಾಗುವ ತನಕ ತೆರೆಯಿತು. ದೊಡ್ಡಮ್ಮ ಒಳಗೆ ಕೂತು ನೋಡುತ್ತಿದ್ದಳು. ಅಡುಗೆಮನೆಯ ನೆಲಕ್ಕೆ ಬಿಸಿಲು ಬಂದದ್ದನ್ನು ಅವಳು ಆ ಮನೆಯಲ್ಲಿ ಮೊದಲ ಸಲ ನೋಡಿದಳು.

ತಿನ್ನುವ ಸೊಪ್ಪಿಗೆ ಆಯಿಲ್ ಪೇಂಟ್ ಡಬ್ಬ ಬೇಡ ಎಂದು ನರ್ಸಮ್ಮ ಗದರಿದ್ದಳು. ಹಾಗಾಗಿ ದೊಡ್ಡಪ್ಪ ಮಾರುಕಟ್ಟೆಯಿಂದ ಹೊಸ ಪ್ಲಾಸ್ಟಿಕ್ ಟಬ್‌ಗಳನ್ನು ತಂದರು. ಮೊಳೆಯನ್ನು ಒಲೆಯಲ್ಲಿ ಕೆಂಪಗೆ ಕಾಯಿಸಿ, ಇಕ್ಕಳದಲ್ಲಿ ಹಿಡಿದು, ಒಂದೊಂದರ ತಳಕ್ಕೂ ತೂತು ಮಾಡಿದರು. ಕಿಟಕಿಯ ಅಂಚಿನಲ್ಲಿ ಮಣ್ಣು ತುಂಬಿದ ಹಳೇ ಎರಡು ಡಬ್ಬ ಇನ್ನೂ ಇದ್ದವು. ಅವುಗಳ ಮಣ್ಣು ಹೊಸ ಟಬ್‌ಗೆ ಬರಬಹುದೇನೋ ಎಂದು ಒಂದನ್ನು ಮಗುಚಿದರು. ಮೇಲೆ ಒಣಗಿ ಬಿರಿದಿದ್ದ ಮಣ್ಣು ತಳದಲ್ಲಿ ಇನ್ನೂ ಕಪ್ಪಗೆ, ಅಂಟಂಟಾಗಿ, ಡಬ್ಬದ ಆಕಾರದಲ್ಲೇ ಹೊರಗೆ ಬಂತು. ಹಳೇ ಮಳೆಗಳ ನೀರೆಲ್ಲಾ ಅಲ್ಲೇ ಕೂತಿತ್ತು. ಆ ಕೆಸರಿನಲ್ಲಿ ಕೂದಲೆಳೆಯಂಥ ಬೇರುಗಳು ಸಿಕ್ಕಿಕೊಂಡಿದ್ದವು.

ದೊಡ್ಡಪ್ಪ ಅದನ್ನು ಬಹಳ ಹೊತ್ತು ನೋಡುತ್ತಾ ಕುಕ್ಕುರುಗಾಲಲ್ಲಿ ಕೂತಿದ್ದರು. ಆಮೇಲೆ ಒಳಗೆ ಹೋಗಿ ದೊಡ್ಡಮ್ಮನಿಗೆ, "ನಿನ್ನ ಕೈಗುಣದಲ್ಲಿ ಏನೂ ಕೊರತೆ ಇರಲಿಲ್ಲ," ಎಂದರು.

"ಹೌದಾ?" ಎಂದಳು ದೊಡ್ಡಮ್ಮ. ಸೂಜಿಗೆ ದಾರ ಪೋಣಿಸುತ್ತಿದ್ದಳು. ಅದು ಮುಗಿದ ಮೇಲೆ, "ಈಗ ಗೊತ್ತಾಯ್ತಾ?" ಎಂದಳು. ಅಷ್ಟೇ.

ಬಾಲ್ಕನಿ ತುಂಬಿತು. ಪುದೀನ ನರ್ಸಮ್ಮ ತಂದುಕೊಟ್ಟ ಕಡ್ಡಿಯಿಂದ ಬಂತು. ಒಂದು ಟಬ್‌ನಿಂದ ಇನ್ನೊಂದಕ್ಕೆ ಹಬ್ಬಲು ನೋಡುವಷ್ಟು ಬಂತು. ಕೊತ್ತಂಬರಿಯನ್ನು ದೊಡ್ಡಪ್ಪ ಒಂದೇ ಸಲ ಎಲ್ಲಾ ಬಿತ್ತದೆ, ವಾರ ಬಿಟ್ಟು ವಾರ ಒಂದೊಂದು ಟಬ್‌ನಲ್ಲಿ ಬಿತ್ತಿದರು. ನಿಂಬೆಹುಲ್ಲಿನ ದಂಟನ್ನು ಲೋಟದ ನೀರಿನಲ್ಲಿ ಬೇರು ಬರುವ ತನಕ ಇಟ್ಟು ಆಮೇಲೆ ನೆಟ್ಟರು. ದೊಡ್ಡಪತ್ರೆಯ ಒಂದು ಗೆಣ್ಣು ಮುರಿದು ಚುಚ್ಚಿದ್ದೇ ತಡ, ಅದು ಕಂಬಿಯಿಂದ ಹೊರಗೆ ಬಾಗಿತು. ಹೆಚ್ಚೆಚ್ಚು ಕುಂಡ ಇಡಲು ಕಂಬಿಗೆ ಕೊಕ್ಕೆ ಹಾಕಿ ತೂಗುಹಾಕಿದರು, ಗೋಡೆಗೆ ಹಲಗೆ ಬಡಿಸಿದರು. ದೊಡ್ಡಮ್ಮ ಹೊರಗೆ ಬರಬೇಕಾದರೆ ಪಕ್ಕಕ್ಕೆ ತಿರುಗಿ ಬರಬೇಕಾಗುತ್ತಿತ್ತು. ಅದನ್ನು ಯಾರೂ ಗಮನಿಸಲಿಲ್ಲ. ಕಟ್ಟಡದ ಮೆಟ್ಟಿಲು ಹತ್ತುವಾಗಲೇ ಘಮ ಬರುತ್ತಿತ್ತು, ಎಲ್ಲರಿಗೂ ಅದೇ ಮಾತು.

ಬೆಳಗ್ಗೆ ಮುಖ ತೊಳೆದ ಕೂಡಲೇ ದೊಡ್ಡಪ್ಪ ನಾಲ್ಕು ಎಲೆ ಕಿತ್ತು ತರುತ್ತಿದ್ದರು. ದೊಡ್ಡಮ್ಮ ಕಣ್ಣು ಮುಚ್ಚಿ ಕೂರಬೇಕು. ದೊಡ್ಡಪ್ಪ ಎಲೆಯನ್ನು ಬೆರಳಲ್ಲಿ ಹಿಸುಕಿ ಅವಳ ಮೂಗಿನ ಕೆಳಗೆ ಹಿಡಿಯುತ್ತಿದ್ದರು.

"ಏನಾದ್ರೂ?"

"ಇಲ್ಲ."

"ಇದು?"

"ಇಲ್ಲ ರೀ."

ಸಂಜೆಯೂ ಅದೇ. ತಿಂಗಳುಗಳು ಹೋದವು. ‘ಇಲ್ಲ’ ಕೇಳಿದ ಪ್ರತಿ ಸಲವೂ ದೊಡ್ಡಪ್ಪನ ಮುಖ ಸಣ್ಣದಾಗುತ್ತಿತ್ತು. ಅವರು ಊಟ ಕಡಿಮೆ ಮಾಡಿದರು. ನಮ್ಮಪ್ಪ ಹೋಗಿ ಕೂತರೆ, "ಆಗಲೇ ಕೊಟ್ಟಿದ್ದರೆ ಇಷ್ಟು ವರ್ಷ ಮೂಸುತ್ತಿದ್ದಳಲ್ಲೋ," ಅನ್ನುತ್ತಿದ್ದರು. ಒಂದೇ ಮಾತನ್ನು ತಿರುಗಿಸಿ ತಿರುಗಿಸಿ ಹೇಳುತ್ತಿದ್ದರು. ಅದನ್ನು ಅಡುಗೆಮನೆಯಿಂದ ದೊಡ್ಡಮ್ಮ ಕೇಳಿಸಿಕೊಳ್ಳುತ್ತಿದ್ದಳು. ಅಷ್ಟು ಸಣ್ಣ ಮನೆಯಲ್ಲಿ ಕೇಳಿಸದೆ ಇರುವುದು ಏನೂ ಇಲ್ಲ.

ಒಂದು ಬೆಳಗ್ಗೆ ಎಲೆ ಹಿಡಿದಾಗ ದೊಡ್ಡಮ್ಮ ತಡೆದಳು. "ಇನ್ನೊಂದು ಸಲ ಹಿಡೀರಿ," ಎಂದಳು. ಹಿಡಿದರು.

"ಪುದೀನ?"

ದೊಡ್ಡಪ್ಪ ಇನ್ನೊಂದು ಎಲೆ ಹಿಡಿದರು. "ಕೊತ್ತಂಬರಿ ಇರಬೇಕು. ಸಣ್ಣಗೆ ಬರ್ತಿದೆ." ಮೂರನೆಯದು ನಿಂಬೆಹುಲ್ಲು. ಅದನ್ನೂ ಹೇಳಿದಳು. ದೊಡ್ಡಪ್ಪ ನಾಲ್ಕನೆಯದನ್ನು ಅಲ್ಲೇ ಬಿಟ್ಟು ಬನಿಯನ್ನಿನಲ್ಲೇ ಮೆಟ್ಟಿಲು ಇಳಿದು ನಮ್ಮ ಮನೆ ಬಾಗಿಲು ತಟ್ಟಿದರು. "ಬಂತೋ, ಬಂತು! ಮೂಗು ಬಂತು!" ಗಡಿಯಾರ ರಿಪೇರಿಯವರು ಬಾಗಿಲು ತೆರೆದು, "ಇಷ್ಟು ದಿನ ಎಲ್ಲಿಗೆ ಹೋಗಿತ್ತಂತೆ?" ಎಂದರು. ಮೆಟ್ಟಿಲ ತುಂಬಾ ನಗುವಾಯಿತು. ನರ್ಸಮ್ಮ ಮಾತ್ರ ನಗಲಿಲ್ಲ. "ಒಂದೇ ದಿನ ಮೂರೂ ಬಂತಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಡ್ಯೂಟಿಗೆ ಹೋದಳು.

ದೊಡ್ಡಪ್ಪ ಮತ್ತೆ ಊಟ ಸರಿಯಾಗಿ ಮಾಡಿದರು. ಮಗಳಿಗೆ ತಾವಾಗಿಯೇ ಫೋನ್ ಮಾಡಿದರು. ಆ ಖುಷಿಯಲ್ಲಿ ಬಾಲ್ಕನಿಯ ಕಂಬಿಗೆ ಬಣ್ಣ ಹೊಡೆಯಲು ಹೊರಟರು. ಭುಜ ಏಳದಿದ್ದರೇನು, ಕಂಬಿ ಸೊಂಟದ ಎತ್ತರಕ್ಕೇ ಇದೆಯಲ್ಲ. ಹೊಸದೊಂದು ಬ್ರಷ್ ಕೊಂಡು ತಂದು, ಚಿಗುರೆಲೆಯ ಹಸಿರನ್ನು ತಾವೇ ಕಲಸಿದರು. ದೊಡ್ಡಮ್ಮ ಸ್ನಾನಕ್ಕೆ ಹೋದ ಹೊತ್ತಿನಲ್ಲಿ, ಅವಳಿಗೆ ಅಚ್ಚರಿಯಾಗಲಿ ಎಂದು, ತೂಗುಹಾಕಿದ ಕುಂಡಗಳನ್ನು ತೆಗೆದು ಕಂಬಿಗೆ ಆಯಿಲ್ ಪೇಂಟ್ ಹೊಡೆದು ಮುಗಿಸಿದರು. ಮನೆಯೆಲ್ಲಾ ಹಸಿ ಪೇಂಟಿನ ವಾಸನೆ ತುಂಬಿತ್ತು. ಕೆಳಗೆ ನಮ್ಮ ಮನೆಗೂ ಬಂದಿತ್ತು.

ದೊಡ್ಡಮ್ಮ ಸ್ನಾನ ಮುಗಿಸಿ, ಒದ್ದೆ ಟವೆಲ್ ಹಿಡಿದು ಅಡುಗೆಮನೆ ದಾಟಿ ಬಂದಳು. ಎರಡು ಟಬ್‌ಗಳ ನಡುವೆ ಪಕ್ಕಕ್ಕೆ ತಿರುಗಿ, ಕಾಲ ಬುಡದ ಗಿಡಗಳನ್ನೇ ನೋಡುತ್ತಾ, ಒಣಗಿಸಲು ಟವೆಲನ್ನು ಕಂಬಿಯ ಮೇಲೆ ಹರಡಿದಳು. ಹರಡಿ, ಎರಡೂ ಕೈಯಿಂದ ಕಂಬಿಯನ್ನು ಬಿಗಿಯಾಗಿ ಹಿಡಿದು ಕೆಳಗಿನ ಬೀದಿ ನೋಡಿದಳು.

ಪೇಂಟರ್ ಮನೆಯಲ್ಲಿ ಹಸಿ ಬಣ್ಣದ ಮೇಲೆ ಯಾರೂ ಕೈ ಇಟ್ಟವರಿಲ್ಲ. ಮಗಳು ಅಂಬೆಗಾಲಿಡುವಾಗಲೂ ಇಟ್ಟಿರಲಿಲ್ಲವಂತೆ, ಮೂಗೇ ಹೇಳಿಬಿಡುತ್ತಿತ್ತು. ದೊಡ್ಡಪ್ಪ ಒಳಗಿನಿಂದ ಬ್ರಷ್ ಒರೆಸುತ್ತಾ ಬಂದು ಬಾಗಿಲಲ್ಲಿ ನಿಂತರು. ದೊಡ್ಡಮ್ಮ ಕೈ ಎತ್ತಿ ನೋಡಿಕೊಂಡಳು. ಎರಡೂ ಅಂಗೈ ಹಸಿರಾಗಿದ್ದವು.

ದೊಡ್ಡಪ್ಪ ಅವಳನ್ನು ಒಳಗೆ ಕರೆದು ಸ್ಟೂಲಿನ ಮೇಲೆ ಕೂರಿಸಿದರು. ಚಿಂದಿಗೆ ಸೀಮೆಎಣ್ಣೆ ಹಾಕಿ ಅವಳ ಒಂದೊಂದೇ ಬೆರಳನ್ನು ಒರೆಸತೊಡಗಿದರು.

"ಎಂದಿನಿಂದ ಸುಳ್ಳು?"

"ಮೊದಲ ದಿನದಿಂದ."

"ಎಲೆ ಹೆಸರು ಸರಿಯಾಗಿ ಹೇಳ್ತಿದ್ದೆಯಲ್ಲ?"

"ನೀವು ತುಟಿಗೆ ತಾಗಿಸ್ತೀರಿ. ಪುದೀನ ಒರಟು, ಕೊತ್ತಂಬರಿ ಮೆತ್ತಗೆ, ನಿಂಬೆಹುಲ್ಲು ಕುಯ್ಯುತ್ತೆ. ಜೀವಮಾನವೆಲ್ಲಾ ಬಟ್ಟೆ ಮುಟ್ಟಿದವಳಿಗೆ ಅಷ್ಟೂ ಗೊತ್ತಾಗಲ್ವಾ?"

"ಯಾಕೆ ಹಾಗೆ ಮಾಡಿದೆ?"

"ಊಟ ಬಿಟ್ಟಿದ್ರಲ್ಲ. ನನ್ನ ಮೂಗಿಗಾಗಿ ನೀವು ಸಾಯೋ ಹಾಗಿತ್ತು."

ದೊಡ್ಡಪ್ಪ ಚಿಂದಿ ಬದಲಿಸಿದರು. ಉಗುರಿನ ಸಂದಿಯ ಬಣ್ಣ ಬಿಡುತ್ತಿರಲಿಲ್ಲ. ತಲೆ ಎತ್ತದೆ, "ಎಲ್ಲಾ ನನ್ನ ತಪ್ಪು," ಎಂದರು. "ಆಗ ನಿನ್ನ ಮಾತು ಕೇಳಲಿಲ್ಲ."

ಆಗ ದೊಡ್ಡಮ್ಮ ಕೈ ಹಿಂದಕ್ಕೆ ಎಳೆದುಕೊಂಡಳು. ಅವಳಿಗೆ ಕೋಪ ಬಂದದ್ದನ್ನು ದೊಡ್ಡಪ್ಪ ಅಲ್ಲಿಯವರೆಗೆ ನೋಡಿರಲಿಲ್ಲವಂತೆ.

"ಈಗ ಕೇಳಿದ್ರಾ? ಡಾಕ್ಟರ್ ಹೇಳಿದ್ರು, ಏಣಿ ತೆಗೆದ್ರಿ. ಆಗ ಡಬ್ಬ ತುಂಬಿಸಿದ್ರಿ, ಈಗ ಗಿಡ ತುಂಬಿಸಿದ್ರಿ. ಆಗಲೂ ನಾನು ಪಕ್ಕಕ್ಕೆ ತಿರುಗಿ ನಿಲ್ಲಬೇಕಿತ್ತು, ಈಗಲೂ ಹಾಗೇ. ಒಂದು ಬೀಜ ನನ್ನ ಕೈಲಿ ಹಾಕಿಸಿದ್ರಾ? ಒಂದು ದಿನ ನೀರು ಹಾಕು ಅಂದ್ರಾ? ನನ್ನ ಕೈಗುಣ ಸರಿ ಇದೆ ಅಂತ ಹೇಳಿದ ಬಾಯಲ್ಲೇ ಎಲ್ಲಾ ನೀವೇ ನೆಟ್ರಿ."

ದೊಡ್ಡಪ್ಪ ಚಿಂದಿಯನ್ನು ಮಡಚಿದರು, ಬಿಡಿಸಿದರು. ಆಮೇಲೆ ಕೇಳಿದರು. ಇಷ್ಟು ವರ್ಷದ ಸಂಸಾರದಲ್ಲಿ ಹಾಗೆ ಕೇಳಿದ್ದು ಅದೇ ಮೊದಲು ಎಂದು ದೊಡ್ಡಮ್ಮ ಹೇಳುತ್ತಾಳೆ.

"ಈಗ ನಿನಗೆ ಏನು ಬೇಕು? ಎಲ್ಲಾ ಕಿತ್ತು ಹೊಸದಾಗಿ ಬಿತ್ತುತ್ತೀಯಾ?"

ದೊಡ್ಡಮ್ಮ ಹೊರಗೆ ನೋಡಿದಳು. ಬಾಗಿಲಿನಾಚೆ ಗಿಡಗಳು ಬಿಸಿಲಿನಲ್ಲಿದ್ದವು.

"ಬೇಡ. ಆಗ ಬೇಕಿತ್ತು. ಘಮ ಬರದ ಸೊಪ್ಪು ಬೆಳೆದು ಏನು ಮಾಡಲಿ? ನನಗೆ ಒಂದು ಕುರ್ಚಿ ಹಾಕುವಷ್ಟು ಜಾಗ ಮಾಡಿಕೊಡಿ. ಗಾಳಿ ಮುಖಕ್ಕೆ ತಾಗೋದಾದ್ರೂ ಗೊತ್ತಾಗುತ್ತೆ."

ಅದನ್ನು ಹೇಳುವಾಗ ಅವಳು ಅಳಲಿಲ್ಲ. ಅತ್ತಿದ್ದರೆ ಸುಲಭವಾಗುತ್ತಿತ್ತು ಎಂದು ದೊಡ್ಡಪ್ಪ ನಮ್ಮಪ್ಪನಿಗೆ ಹೇಳಿದರು.

ಪುದೀನದ ಟಬ್‌ಗಳು ನರ್ಸಮ್ಮನ ಮನೆಗೆ ಹೋದವು. ದೊಡ್ಡಪತ್ರೆ, ಕೊತ್ತಂಬರಿ ನಮ್ಮ ಮನೆಗೆ ಬಂದವು. ಗಡಿಯಾರ ರಿಪೇರಿಯವರು ಸೊಪ್ಪು ಬೇಡವೆಂದು, ಖಾಲಿ ಟಬ್ ಮಾತ್ರ ತೆಗೆದುಕೊಂಡರು. ದೊಡ್ಡಮ್ಮ ಒಂದೊಂದನ್ನೂ ಕೊಡುವಾಗ ಎಲೆಗಳ ಮೇಲೆ ಕೈ ಆಡಿಸಿ ಕೊಟ್ಟಳು. ದೊಡ್ಡಪ್ಪ ನಿಂಬೆಹುಲ್ಲಿನ ಒಂದು ಟಬ್ ಇರಲಿ ಎಂದು ಕೇಳಿ, ಅವಳು ಒಪ್ಪಿದ ಮೇಲೆ ಮೂಲೆಯಲ್ಲಿಟ್ಟರು. ಆ ಡಾಕ್ಟರ ಹತ್ತಿರ ಮತ್ತೊಮ್ಮೆ ಹೋದರು. ಇಷ್ಟು ದಿನಕ್ಕೆ ಬರದಿದ್ದರೆ ಇನ್ನು ಬರುವುದು ಕಷ್ಟ ಎಂದರು ಡಾಕ್ಟರು. ಬೆಳಗ್ಗೆ ಎಲೆ ಹಿಡಿಯುವುದು ನಿಂತಿತು.

ಈಗ ಸಂಜೆ ದೊಡ್ಡಮ್ಮ ಬಾಲ್ಕನಿಯಲ್ಲಿ ಬೆತ್ತದ ಕುರ್ಚಿ ಹಾಕಿಕೊಂಡು, ಬೆಳಕಿರುವ ತನಕ ಕಾಜ ಹೊಲಿಯುತ್ತಾಳೆ. ಕುರ್ಚಿ ಹಾಕಿದರೆ ಇನ್ನೊಬ್ಬರಿಗೆ ಜಾಗವಿಲ್ಲ. ದೊಡ್ಡಪ್ಪ ಚಹಾ ಮಾಡಿ ತಂದು, ಬಾಗಿಲಿನ ಒಳಗೇ ನಿಂತು ಲೋಟ ಚಾಚುತ್ತಾರೆ. ಮೊನ್ನೆ ನಾನು ಹೋದಾಗಲೂ ಹಾಗೇ ನಿಂತಿದ್ದರು.

ದೊಡ್ಡಮ್ಮ ಒಂದು ಗುಟುಕು ಕುಡಿದು, "ಇವತ್ತು ಏನು ಹಾಕಿದ್ದೀರಿ?" ಎಂದು ಕೇಳಿದಳು.

"ನಿಂಬೆಹುಲ್ಲು. ಜಜ್ಜಿ ಹಾಕಿದ್ದೀನಿ, ಜಾಸ್ತಿನೇ ಹಾಕಿದ್ದೀನಿ."

ಅವಳು ಇನ್ನೊಂದು ಗುಟುಕು ಕುಡಿದಳು. ಅವಳು ಏನಾದರೂ ಹೇಳುತ್ತಾಳೆಂದು ದೊಡ್ಡಪ್ಪ ಕಾಯುತ್ತಿದ್ದರು.

"ಬಿಸಿ ಇದೆ," ಎಂದಳು ದೊಡ್ಡಮ್ಮ. "ಸಿಹಿ ಇದೆ. ಅಷ್ಟೇ ರೀ."

ದೊಡ್ಡಪ್ಪ ತಲೆ ಆಡಿಸಿ, ಬಾಗಿಲಿಗೆ ಒರಗಿ, ತಮ್ಮ ಲೋಟದ ಚಹಾ ಕುಡಿಯತೊಡಗಿದರು.